ಮುಂದಿನ ಸೀಟಿನವಳು

ಪರದೆ ಹೊಲಿಯುವವಳು ಪರದೆಯಿಂದಲೇ ಬಿದ್ದಳು ಎಂದರೆ ಯಾರಿಗಾದರೂ ನಗು ಬರಬೇಕು. ನಾನು ಕೆಲಸ ಮಾಡುವ ಅಂಗಡಿಯ ಮಾಳಿಗೆಯಿಂದ ಪರದೆ ಬಟ್ಟೆಯ ಸುರುಳಿ ಹೊತ್ತು ಇಳಿಯುತ್ತಿದ್ದೆ, ಸುರುಳಿ ಬಿಚ್ಚಿಕೊಂಡು ಕಾಲಿಗೆ ಸಿಕ್ಕಿತು, ಉಳಿದ ಮೆಟ್ಟಿಲುಗಳನ್ನು ಕೂತೇ ಇಳಿದೆ. ಬಲಮಂಡಿಯ ಒಳಗೆ ಏನೋ ಹರಿಯಿತು. ಮಳೆ ಹೋಗಿ ಚಳಿ ಬಂದರೂ ಅದು ಪೂರ್ತಿ ಕೂಡಿಕೊಳ್ಳಲಿಲ್ಲ. ಹೊಲಿಗೆ ಯಂತ್ರವನ್ನು ಎಡಗಾಲಿನಲ್ಲಿ ಒತ್ತುವುದನ್ನು ಕಲಿತೆ. ಮನೆಗೆ ಬಂದರೆ ಸಾಕು, ಕಂಡ ಕುರ್ಚಿಯಲ್ಲಿ ಕುಸಿಯುತ್ತಿದ್ದೆ.

ಎಡಗಾಲಿನಿಂದ ಯಂತ್ರ ನಡೆದೀತು, ನಮ್ಮ ಸೈಕಲ್ಲು ನಡೆಯುವುದಿಲ್ಲ. ಅದು ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಉದ್ದನೆಯ ಸೈಕಲ್ಲು. ಮುಂದಿನ ಸೀಟಿನಲ್ಲಿ ನಾನು, ಹಿಂದಿನದರಲ್ಲಿ ನಮ್ಮ ಯಜಮಾನರು. ಅವರಿಗೆ ಕಣ್ಣು ಕಾಣಿಸುವುದಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನಿನ ಮುಂದೆ ಕೂತು, ಬಂದ ಕರೆಗಳನ್ನು ಬೇಕಾದವರಿಗೆ ಕೊಡುವುದು ಅವರ ಕೆಲಸ. ದಿನಾ ಬೆಳಿಗ್ಗೆ ಇಬ್ಬರೂ ತುಳಿದುಕೊಂಡು ಹೋಗುತ್ತಿದ್ದೆವು, ಅವರು ಆಸ್ಪತ್ರೆಯಲ್ಲಿ ಇಳಿದ ಮೇಲೆ ನಾನು ಅಂಗಡಿಗೆ.

ನಾನು ಬಿದ್ದ ಮೇಲೆ ಆಸ್ಪತ್ರೆಯ ವ್ಯಾನು ಅವರನ್ನು ಕರೆದೊಯ್ಯತೊಡಗಿತು. ಅಲ್ಲಿ ಒಬ್ಬರು ತೋಳು ಹಿಡಿದು ಹತ್ತಿಸುತ್ತಾರೆ, ಇನ್ನೊಬ್ಬರು ಬೆಲ್ಟು ಹಾಕುತ್ತಾರೆ, ಮತ್ತೊಬ್ಬರು ‘ಪಾಪ’ ಎನ್ನುತ್ತಾರೆ. ಸಂಜೆ ಬಂದು ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದರು. ದಿನವಿಡೀ ಊರಿನವರೆಲ್ಲರ ಜೊತೆ ಮಾತಾಡುವ ಮನುಷ್ಯ, ಮನೆಯಲ್ಲಿ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಸೈಕಲ್ಲಿನ ಮೇಲೆ ಮಾತ್ರ ಅವರು ಯಾರ ಹಂಗೂ ಇಲ್ಲದೆ ತಮ್ಮ ಕಾಲಿನ ಬಲದಿಂದ ತಾವು ಹೋಗುತ್ತಿದ್ದರು. ಅದು ಹೋದರೆ ಇವರು ಹೀಗೇ ಮುದುಡಿಕೊಂಡು ಹೋಗುತ್ತಾರೆ ಎಂದು ನನಗೆ ಭಯವಾಗಿತ್ತು.

ಮಂಡಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. “ಮುಂದಿನ ತಿಂಗಳು ನೋಡೋಣ. ಅದೂ ಸಮತಟ್ಟು ರಸ್ತೇಲಿ, ಸ್ವಲ್ಪ ದೂರ. ಈಗ ತುಳಿದು ಮತ್ತೆ ಊದಿಸ್ಕೊಂಡ್ರೆ ಸೈಕಲ್ ಮರೆತುಬಿಡಿ” ಎಂದಳು.

ಮನೆಗೆ ಬಂದು “ತುಳೀಬಹುದಂತೆ” ಎಂದಷ್ಟೇ ಹೇಳಿದೆ. ಇವರ ಮುಖ ಅರಳಿದ್ದನ್ನು ನೋಡಿದ ಮೇಲೆ ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ.

ರಜೆಯ ದಿನ ಸೈಕಲ್ ಹೊರಗೆ ತೆಗೆದೆವು. ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ನಾದಿನಿ ಬಗ್ಗಿ ನೋಡಿದಳು.

“ಏನತ್ತಿಗೆ, ಕುಂಟ್ಕೊಂಡೇ ಹೊರಟ್ರಾ?”

“ಕುರುಡನ ಹೆಗಲ ಮೇಲೆ ಕುಂಟ ಕೂತ ಕಥೆ ಕೇಳಿಲ್ವೇನೇ? ಇಲ್ಲಿ ಕುಂಟಿ ಮುಂದೆ ಕೂತಿದ್ದಾಳೆ, ಅಷ್ಟೇ ವ್ಯತ್ಯಾಸ.”

“ಕುಂಟಿ ಗಿಂಟಿ ಏನಿಲ್ಲ, ಸೋಮಾರಿ ಅವಳು” ಎಂದರು ಇವರು, ಹಿಂದಿನ ಸೀಟು ಹತ್ತುತ್ತಾ. ಇವರು ತಮಾಷೆ ಮಾಡಿ ಎಷ್ಟು ಕಾಲವಾಗಿತ್ತೋ.

ಈ ಸೈಕಲ್ಲಿನಲ್ಲಿ ನನ್ನ ಪೆಡಲು, ಅವರ ಪೆಡಲು ಎರಡನ್ನೂ ಚೈನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ತುಳಿಯುವುದು ಸಾಕು ಎನ್ನಿಸಿದರೆ ಮುಂದೆ ಕೂತವಳು ‘ಬಿಡಿ’ ಎನ್ನಬೇಕು, ಆಗ ಇಬ್ಬರೂ ಒಟ್ಟಿಗೆ ಕಾಲು ನಿಲ್ಲಿಸಬೇಕು. ನಾನು ಒಂದು ಉಪಾಯ ಹೂಡಿದ್ದೆ. ಬಲಗಾಲನ್ನು ಪೆಡಲಿನ ಮೇಲೆ ಸುಮ್ಮನೆ ಇಡುವುದು, ಒತ್ತುವುದೆಲ್ಲ ಎಡಗಾಲಿನಿಂದ. ಹೇಗೂ ಇವರಿಗೆ ಕಾಣಿಸುವುದಿಲ್ಲವಲ್ಲ. ನನ್ನ ಬುದ್ಧಿಗೆ ಬೆಂಕಿ ಬೀಳ.

ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆಯಿತು. ಅಂಗಡಿಗಳೆಲ್ಲ ಮುಚ್ಚಿದ್ದವು, ಗಾಡಿಗಳೂ ಹೆಚ್ಚಿರಲಿಲ್ಲ. ರೈಲು ಹಳಿಯ ಮೇಲಿನ ಸೇತುವೆಯ ಹತ್ತಿರ ವಾಪಸು ತಿರುಗಿಸಬೇಕು ಎಂದುಕೊಂಡಿದ್ದೆ. ಹಿಂದಿನಿಂದ ಇವರು “ಗಾಳಿ ಬಂತು, ಸೇತುವೆ ಬಂತಲ್ವಾ? ಹತ್ತೇಬಿಡೋಣ” ಎಂದರು. ಆ ದನಿಯಲ್ಲಿ ಎಷ್ಟು ಹುರುಪಿತ್ತು ಎಂದರೆ, ನಾನೂ “ಹತ್ತೋಣ” ಎಂದುಬಿಟ್ಟೆ.

ಏರಿನಲ್ಲಿ ಇವರು ಎದ್ದುಬಿದ್ದು ಒತ್ತಿದರು. ಅವರು ಒತ್ತಿದಷ್ಟೂ ನನ್ನ ಪೆಡಲು ಮೇಲೆ ಬಂದು ನನ್ನ ಮಂಡಿಯನ್ನು ಮಡಚುತ್ತಿತ್ತು. ನಾನಾಗಿ ಮಡಚುವುದಾದರೆ ಎಲ್ಲಿಗೆ ನಿಲ್ಲಿಸಬೇಕೆಂದು ನನಗೆ ಗೊತ್ತು. ಇದು ನನ್ನ ಕೈಯಲ್ಲಿರಲಿಲ್ಲ. ಮಂಡಿಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು. ‘ಬಿಡಿ’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿಕೊಂಡು ಕೂತೆ. ಸೇತುವೆಯ ನೆತ್ತಿಯಲ್ಲಿ ಕಣ್ಣು ಕತ್ತಲಿಟ್ಟಿತು. ಬ್ರೇಕು ಹಿಡಿದು ಪಕ್ಕದ ಕಂಬಿಗೆ ಜೋತುಬಿದ್ದೆ.

“ನನ್ನ ಕೈಲಿ ಆಗಲ್ಲ ರೀ.”

“ಗೊತ್ತು” ಎಂದರು.

“ಏನು ಗೊತ್ತು?”

“ನೀನು ಬಲಗಾಲು ಒತ್ತುತ್ತಾ ಇಲ್ಲ ಅಂತ. ನಮ್ಮ ಬೀದಿ ದಾಟೋದ್ರೊಳಗೇ ಗೊತ್ತಾಯ್ತು. ಆ ಕಾಲಿನ ಸರದಿ ಬಂದಾಗೆಲ್ಲ ಭಾರ ನನ್ನ ಮೇಲೆ ಬೀಳ್ತಿತ್ತು.”

ಪಿತ್ತ ನೆತ್ತಿಗೇರಿತು. “ಗೊತ್ತಿದ್ದೂ ಸೇತುವೆ ಹತ್ತಿಸಿದ್ರಾ?”

ಇವರು ಸೀಟಿನಿಂದ ಇಳಿದರು. “ಕೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ನಂಗೆ ನಿಲ್ಲಿಸೋಕೆ ಇಷ್ಟ ಇರಲಿಲ್ಲ.”

ಒಂದು ಸುಳ್ಳನ್ನಾದರೂ ಹೇಳಬಾರದೇ ಈ ಮನುಷ್ಯ? ಗ್ರಹಚಾರ ಬಿಡಿಸಬೇಕೆಂದು ಬಾಯಿ ತೆರೆದೆ. ಆದರೆ ನಾನು ಬಚ್ಚಿಟ್ಟದ್ದು ಇನ್ನೂ ದೊಡ್ಡದು.

“ಈಗ ತುಳಿದು ಮತ್ತೆ ಊದಿದ್ರೆ ಇನ್ನು ಸೈಕಲ್ಲೇ ಇಲ್ಲ ಅಂತ ಡಾಕ್ಟರಮ್ಮ ಹೇಳಿದ್ಲು. ನಾನೇ ಹೇಳಲಿಲ್ಲ.”

ಇವರು ಸೈಕಲ್ಲನ್ನು ಕಂಬಿಗೆ ಒರಗಿಸಿದರು. ತಡಕಾಡಿಕೊಂಡು ಬಂದು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಮೊದಲು ಎಡಮಂಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರು, ಆಮೇಲೆ ಬಲಮಂಡಿಯನ್ನು. ಬಲಗಡೆ ಕೈ ಅಲ್ಲೇ ನಿಂತಿತು.

“ಬೆಳಿಗ್ಗೆನೂ ಹೀಗೇ ಇತ್ತಾ?”

ಹೌದು ಎಂದರೆ ಮುಗಿಯುತ್ತಿತ್ತು. ಹೇಳಲು ಮನಸ್ಸೂ ಆಯಿತು. ಆದರೆ ಸುಳ್ಳು ಹೇಳುವುದೂ ಒಂದು ಕೆಲಸವೇ, ಅಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಇಲ್ಲ ರೀ. ಈಗ ಊದಿದ್ದು.”

ಅವರು ತಲೆ ಎತ್ತಲಿಲ್ಲ. ನಾನೂ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕೆಳಗೆ ಒಂದು ರೈಲು ಬಂದು ಹೋಯಿತು, ಸೇತುವೆ ನಡುಗಿ ಸುಮ್ಮನಾಯಿತು. ತಪ್ಪು ಯಾರದೆಂದು ಜಗಳವಾಡುವುದಕ್ಕೂ ಇಬ್ಬರಿಗೂ ತ್ರಾಣವಿರಲಿಲ್ಲ.

“ಹತ್ತು. ನಾನು ತಳ್ತೀನಿ, ನೀನು ಹ್ಯಾಂಡಲ್ ಹಿಡ್ಕೋ” ಎಂದು ಎದ್ದರು.

ಹತ್ತಿ ಕೂತು ಕಾಲು ಇಳಿಬಿಟ್ಟೆ. ಮನೆಯ ಕಡೆಯ ಇಳಿಜಾರಿನಲ್ಲಿ ನಾನು ಬ್ರೇಕು ಹಿಡಿದೆ, ಸಮತಟ್ಟಿಗೆ ಬಂದ ಮೇಲೆ ಇವರು ತಳ್ಳಿದರು. ಇವರ ಏದುಸಿರು ಬೆನ್ನ ಹಿಂದೆ ಕೇಳುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

“ನೋಡು, ಇನ್ನು ನಂಗೆ ವ್ಯಾನೇ” ಎಂದರು ಕೊನೆಗೆ. “ಅಭ್ಯಾಸ ಆಗುತ್ತೆ.”

ಅಭ್ಯಾಸ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇವರ ಒಂದು ಮಾತಿಗೆ ಎರಡು ಎದುರು ಮಾತಾಡಿಕೊಂಡೇ ಸಂಸಾರ ಮಾಡಿದವಳು ನಾನು. ಅವತ್ತು ಬರೀ ಹೂಂ ಎಂದೆ.