ಚಿಟಿಕೆ ವಿಭೂತಿ

2006ರ ಬೇಸಿಗೆ. ಕಾಶಿಯ ಮಠದಲ್ಲಿ ಪಾರುಪತ್ಯ ನೋಡುವ ಕೊಟ್ಟೂರಯ್ಯನವರ ಮಗಳು ವರ್ಷಿಣಿ ಎರಡನೇ ಸಲವೂ ಅಳುತ್ತ ತಾರಸಿಯಿಂದ ಇಳಿದಾಗ ತಾಯಿ ತಾರಾದೇವಿ ಸೆರಗಿನಿಂದ ಅವಳ ಕಣ್ಣೊರೆಸಿದಳು.

"ಫಿರ್ ಫೇಲ್, ಅಮ್ಮಾ! ನೀರು ಹಾಗೇ ಕೆಂಪಗದ."

ಸೀರೆಗೆ ಬಣ್ಣ ಕಟ್ಟಿ ಗಂಗೆಗೆ ಬಿಟ್ಟ ನೀರದು. ಆ ಬಣ್ಣ ಕೊಳೆಯುವುದಿಲ್ಲ, ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಕಬ್ಬಿಣದ ಉಪ್ಪು, ಪೆರಾಕ್ಸೈಡ್ ಬೆರೆಸಿ ಗಾಜಿನ ಜಾಡಿಯಲ್ಲಿ ಬಿಸಿಲಿಗಿಟ್ಟರೆ ಒಳಗೊಳಗೇ ಸುಟ್ಟು ಚೂರಾಗಬೇಕು. ಆದರೆ ನೀರು ಹುಳಿಯಾಗಿರಬೇಕು. ವರ್ಷಿಣಿ ಹುಳಿ ನೋಡಿಯೇ ಇಟ್ಟು ಬರುತ್ತಿದ್ದಳು. ಸಂಜೆಗೆ ಹುಳಿ ಮಾಯ, ತಳದಲ್ಲಿ ತುಕ್ಕಿನ ಗಸಿ. ನಾಳೆ ಪಿಎಚ್‌ಡಿ ಗೈಡ್ ನೋಡಲು ಬಂದಾಗಲೂ ಕೆಟ್ಟರೆ ಸಂಶೋಧನೆಯನ್ನೇ ಕೈಬಿಡಬೇಕು.

ಕಳ್ಳ ಯಾರೆಂದು ತಾರಾದೇವಿಗೆ ಗೊತ್ತು. ಮಗಳು ಕೆಳಗಿಳಿದ ಕೂಡಲೇ ಯಜಮಾನರು ಕೊಟ್ಟೂರಯ್ಯನವರು ಬೆಕ್ಕಿನ ಹಾಗೆ ಮೇಲೆ ಹತ್ತಿ, "ಕೂಸಿಗೆ ಒಳ್ಳೇದು ಮಾಡಪಾ ಶಿವನೇ" ಎಂದು ಜಾಡಿಗೆ ವಿಭೂತಿ ಉದುರಿಸುವುದನ್ನು ಕಣ್ಣಾರೆ ಕಂಡಿದ್ದಳು. ಬೂದಿ ಬಿದ್ದರೆ ಹುಳಿ ಉಳಿದೀತೇ! ವಿಭೂತಿಯಿಂದಲೇ ಕೆಟ್ಟಿತೆಂದರೆ ಊಟ ಬಿಡುವ ಮನುಷ್ಯ. ಹಾಕಬೇಡಿ ಎಂದರೆ ಕದ್ದು ಹಾಕುವ ಮನುಷ್ಯ.

ತಾರಾದೇವಿ ಶರಬತ್ತಿಗೆ ಹುಳಿ ಕೊಡುವ ಬಿಳಿ ನಿಂಬೆಉಪ್ಪನ್ನು ನುಣ್ಣಗೆ ಕುಟ್ಟಿದಳು. ಯಜಮಾನರ ಜೇಬಿನ ಡಬ್ಬಿಯ ವಿಭೂತಿಯನ್ನು ದೇವರ ಮುಂದೆ ಸುರಿದು, ಗಲ್ಲ ಬಡಿದುಕೊಂಡು, ಡಬ್ಬಿಗೆ ಆ ಪುಡಿ ತುಂಬಿದಳು.

ಮರುದಿನ ಮಧ್ಯಾಹ್ನ ಗೈಡ್ ಬಂದರು. ಅವರ ಕಣ್ಣೆದುರೇ ನೀರಿನ ಕೆಂಪು ಇಳಿಯುತ್ತ ಬಂದು, ಕೊನೆಗೆ ತಿಳಿನೀರಾಯಿತು. ವರ್ಷಿಣಿ ಕುಣಿದಾಡಿದಳು. ದಿನಾ ವಿಭೂತಿ ಹಾಕಿದ ಗುಟ್ಟು ಯಜಮಾನರ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಸಾಹೇಬ್, ಮೈನೇ ವಿಭೂತಿ ಡಾಲಾ ಥಾ! ರೋಜ್ ಡಾಲ್ತಾ ಹೂಂ!" ಎಂದು ಚಿಟಿಕೆ ತೆಗೆದು ಮಗಳ ಹಣೆಗೆ ಹಚ್ಚಿ, ಉಳಿದದ್ದನ್ನು ರೂಢಿಯಂತೆ ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿ ಹಿಪ್ಪೆಯಾಯಿತು.

"ತಾರಾ! ವಿಭೂತಿ ಹುಳಿ ಯಾಕ?"

ತಾರಾದೇವಿ ತಲೆ ಎತ್ತದೆ ಶರಬತ್ತು ಕಲಕಿದಳು. ವರ್ಷಿಣಿಗೆ ಎಲ್ಲ ತಿಳಿಯಿತು; ಕೆಡಿಸಿದ್ದು ಅಪ್ಪನ ವಿಭೂತಿ, ಉಳಿಸಿದ್ದು ಅಮ್ಮನ ನಿಂಬೆಉಪ್ಪು ಎಂದು ಗೈಡಿಗೆ ಹೇಳಿಬಿಟ್ಟಳು. ಗೈಡ್ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ, ಇದು ಲೆಕ್ಕಕ್ಕಿಲ್ಲ, ಯಾರೂ ಏನೂ ಹಾಕದೆ ನಾಳೆ ಇನ್ನೊಮ್ಮೆ ಮಾಡು, ಅದೇ ಕೊನೆ ಎಂದು ಹೇಳಿ ಹೋದರು.

ಯಜಮಾನರು ರಾತ್ರಿ ಒಂದು ತುತ್ತನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಡಬ್ಬಿಯನ್ನು ತಾವಾಗಿಯೇ ದೇವರ ಮುಂದಿಟ್ಟು, ಕೊಡೆ ಹಿಡಿದು ಜಾಡಿಯ ಪಕ್ಕದಲ್ಲಿ ಕೂತರು. ತಾರಾದೇವಿ ಮಜ್ಜಿಗೆ ತಂದರೆ ಕೈ ಅಡ್ಡ ಹಿಡಿದರು.

"ಅಲ್ಲೇ ನಿಲ್ಲು. ನಿನ್ನ ಕೈ ನಂಬಾಂಗಿಲ್ಲ."

ಸೂರ್ಯ ನೆತ್ತಿಗೇರುವಷ್ಟರಲ್ಲಿ ಜಾಡಿಯಾಚೆಯ ಗಂಗೆ ನಿಚ್ಚಳವಾಗಿ ಕಂಡಿತು. ಯಜಮಾನರು ಸದ್ದಿಲ್ಲದೆ ಅಳುತ್ತಿದ್ದರು. ತಾರಾದೇವಿ ಮಜ್ಜಿಗೆಯ ಲೋಟವನ್ನು ಮುಂದೆ ತಳ್ಳಿದಳು.

"ಕುಡೀರಿ. ಇದಕ್ಕ ಬರೇ ಉಪ್ಪು ಹಾಕೀನಿ."

ಅವರು ಮೊದಲು ನಾಲಿಗೆ ತುದಿಯಿಂದ ನೆಕ್ಕಿ ನೋಡಿ, ಆಮೇಲೆ ಕುಡಿದರು.