ಎಡಗಡೆ ಮುಂದಿನ ಬೇರಿಂಗ್

ಗೊಂಯ್ ಅನ್ನುತ್ತಿದೆ, ರಸ್ತೆಯದ್ದೇ ಇರಬೇಕು, ಹಿರೇಹಳ್ಳಿ ದಾಟಿದ ಮೇಲೆ ಡಾಂಬರು ಒರಟು, ಟೈರು ಹೀಗೆ ಸದ್ದು ಮಾಡುವುದು ಹೊಸದೇನಲ್ಲ, ಆದರೆ ಒರಟು ಮುಗಿದು ನುಣುಪು ರಸ್ತೆ ಬಂದರೂ ಗೊಂಯ್ ನಿಲ್ಲಲಿಲ್ಲ, ಐವತ್ತಕ್ಕೆ ಸಣ್ಣಗೆ, ಅರವತ್ತಕ್ಕೆ ದಪ್ಪಗೆ, ಎಲ್ಲೋ ಹಿಟ್ಟಿನ ಗಿರಣಿ ನಡೆಯುತ್ತಿರುವ ಹಾಗೆ — ಶಾಂತಕುಮಾರಿ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದಳು, ಸದ್ದು ಇಳಿಯಿತು, ಒತ್ತಿದಳು, ಏರಿತು, ಈಗ ಹೇಳುತ್ತಾನೆ, ಈಗ ಬಾಯಿ ಬಿಡುತ್ತಾನೆ ಎಂದು ಪಕ್ಕದ ಸೀಟಿನಲ್ಲಿ ಕೂತ ಗಂಡನಿಗಾಗಿ ಕಾದಳು, ಮಹಾಂತೇಶ ಏನೂ ಹೇಳಲಿಲ್ಲ. ಈ ಕಾರಿಗೆ ಏನಾಗಿದೆ ಎಂದು ಮೊದಲು ಹೇಳುವವನು ಯಾವಾಗಲೂ ಅವನೇ, ಕಣ್ಣು ಹೋದ ಮೇಲಂತೂ ಕಿವಿಯೇ ಅವನ ಪಾನಾ, ಸ್ಕ್ರೂಡ್ರೈವರ್ ಎಲ್ಲಾ, ಚಳ್ಳಕೆರೆಯ ಮೆಕ್ಯಾನಿಕ್ ಪಾತಣ್ಣ ಕೂಡ ಬಾನೆಟ್ ಎತ್ತುವ ಮುಂಚೆ, ಅಣ್ಣ ಏನಂತಾನೆ ಶಾಂತಕ್ಕ, ಎಂದೇ ಕೇಳುವುದು, ಅಣ್ಣ ಫ್ಯಾನ್ ಬೆಲ್ಟ್ ಅಂದರೆ ಫ್ಯಾನ್ ಬೆಲ್ಟ್, ಅಣ್ಣ ಬಾಲ್ ಜಾಯಿಂಟ್ ಅಂದರೆ ಬಾಲ್ ಜಾಯಿಂಟ್, ಬಿಚ್ಚಿ ನೋಡಿದರೆ ಹಾಗೇ ಇರುತ್ತದೆ. ಹದಿನಾರು ವರ್ಷ, ಮೂರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರು, ಇಷ್ಟು ಸಣ್ಣ ಕಾರು ಇಷ್ಟು ಓಡಿದೆಯೆಂದರೆ ಪೆಟ್ರೋಲ್ ಬಂಕಿನವರು ಬಗ್ಗಿ ಮೀಟರು ನೋಡುತ್ತಾರೆ, ಅದೇನು ತಾನಾಗಿ ಓಡಿತೇ, ಐದು ಸಾವಿರಕ್ಕೊಮ್ಮೆ ಆಯಿಲ್, ಒಂದು ಸಲವೂ ದಾಟಿಸಿಲ್ಲ, ಶಿವರಾತ್ರಿ ಕಳೆಯುತ್ತಿದ್ದಂತೆ ರೇಡಿಯೇಟರ್ ತೊಳೆಸುವುದು, ಬ್ಯಾಟರಿ ತುದಿಗೆ ಬಿಳಿ ಪುಡಿ ಕಟ್ಟಿದರೆ ಬಿಸಿನೀರು ಹೊಯ್ದು ಹಳೇ ಸೀರೆ ತುಂಡಿನಲ್ಲಿ ಒರೆಸುವುದು, ಕ್ಲಚ್ ಪ್ಲೇಟು ಮೂರು ಸಲ, ಸೈಲೆನ್ಸರ್ ತುಕ್ಕು ಹಿಡಿದು ಬಿ.ಜಿ. ಕೆರೆ ಹತ್ತಿರ ರಸ್ತೆ ಮೇಲೆ ಬಿದ್ದದ್ದು ಒಂದು ಸಲ, ಇಲಿ ವೈರು ಕಡಿದದ್ದು ಎರಡು ಸಲ, ಎಂಜಿನ್ ಮಾತ್ರ ಇದುವರೆಗೂ ಬಿಚ್ಚಿಲ್ಲ, ಬಿಚ್ಚಲು ಅವನು ಬಿಟ್ಟೂ ಇಲ್ಲ, ಸದ್ದು ಸರಿಯಿರೋ ಎಂಜಿನ್ನಿಗೆ ಕೈ ಹಾಕಬ್ಯಾಡ ಪಾತ, ಎಂದಿದ್ದ, ಪಾತಣ್ಣ ನಕ್ಕು ಬಾನೆಟ್ ಮುಚ್ಚಿದ್ದ.

ಅವಳು ಓಡಿಸಲು ಕಲಿತದ್ದೂ ಕಿವಿಯ ಲೆಕ್ಕದಲ್ಲೇ, ನಲವತ್ತೊಂದನೇ ವಯಸ್ಸಿನಲ್ಲಿ, ಅವನ ಕಣ್ಣಿನ ನರ ಒಣಗಿದೆ, ಇನ್ನು ಮೇಲೆ ಬೆಳಕು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ವರ್ಷ, ಮೊಳಕಾಲ್ಮೂರಿನ ನೇಕಾರರ ಮನೆಗಳಿಂದ ಸೀರೆ ತಂದು ಚಳ್ಳಕೆರೆ, ಚಿತ್ರದುರ್ಗದ ಅಂಗಡಿಗಳಿಗೆ ಮುಟ್ಟಿಸುವ ಕೆಲಸ ನಿಲ್ಲಬಾರದು ಎಂದರೆ ಯಾರಾದರೂ ಸ್ಟೇರಿಂಗ್ ಹಿಡಿಯಬೇಕಿತ್ತು, ವರವು ಕಾವಲಿನ ಬೇಲಿಗುಂಟ ಹೋಗುವ ಖಾಲಿ ರಸ್ತೆಯಲ್ಲಿ ಅವನು ಎಡಗಡೆ, ಅವಳು ಬಲಗಡೆ, ಈಗ ಗೇರ್ ಹಾಕು, ಎಂಜಿನ್ ಒದರ್ತಾ ಐತೆ ಕೇಳಲ್ವಾ, ಈಗ ಇಳಿಸು, ಏದುಸಿರು ಬಿಡ್ತಾ ಐತೆ ಅದು, ಎನ್ನುತ್ತಿದ್ದ, ಹುಲ್ಲಿನ ಆಚೆ ದನಗಳು ತಲೆಯೆತ್ತಿ ನೋಡುತ್ತಿದ್ದವು, ಅವನ ಮುಖ ನೇರ ಮುಂದಕ್ಕೆ, ಕಾಣದ ರಸ್ತೆಯನ್ನೇ ನೋಡುವವನ ಹಾಗೆ. ಆ ದಿನಗಳಲ್ಲೇ ಹೇಳಿಕೊಟ್ಟದ್ದು, ಗೊಂಯ್ ಅಂದ್ರೆ ಸ್ಟೇರಿಂಗ್ ಒಂಚೂರು ಬಲಕ್ಕೆ ತಿರುಗ್ಸು ಶಾಂತಾ, ಸದ್ದು ಜೋರಾತು ಅಂದ್ರೆ ಎಡಗಡೆ ಚಕ್ರದ್ದು, ಭಾರ ಅತ್ಲಾಗೆ ಬೀಳ್ತೈತೆ — ಮುಂದೆ ಪಿಂಕು ಬಣ್ಣದ ಬಸ್ಸು, ಅದು ಹೋಗಲಿ, ಈಗ ರಸ್ತೆ ಖಾಲಿ, ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ, ಗೊಂಯ್ ಗೊರ್ರ್ ಆಯಿತು, ಎಡಕ್ಕೆ, ತಗ್ಗಿತು, ಹಾಗಾದರೆ ಎಡಗಡೆಯದು, ಮುಂದಿನ ಚಕ್ರ, ಬೇರಿಂಗು, ಇಷ್ಟು ಸಲೀಸಾಗಿ ತನಗೆ ತಿಳಿಯಿತಲ್ಲ ಎಂಬ ಸಂತೋಷ ಒಂದು ಕ್ಷಣ, ಮರುಕ್ಷಣವೇ ಅವನಿಗೇಕೆ ತಿಳಿಯಲಿಲ್ಲ ಎಂಬುದು, ಎಡಗಡೆ ಮುಂದಿನ ಚಕ್ರ ಇರುವುದು ಅವನ ಕಾಲಬುಡದಲ್ಲಿ.

ಬೇಜಾರಾಗಿರಬಹುದು, ಗೊತ್ತಾಗಿರಬಹುದು, ಎರ್ರಿಸ್ವಾಮಿಗೆ ಮಾತು ಕೊಟ್ಟಿರುವುದು ಯಾರಿಂದಲೋ ಅವನ ಕಿವಿಗೆ ಬಿದ್ದಿರಬಹುದು, ಮೊಳಕಾಲ್ಮೂರಿನಲ್ಲಿ ಮಗ್ಗ ಇಟ್ಟುಕೊಂಡಿರುವ ಎರ್ರಿಸ್ವಾಮಿ, ಇವತ್ತು ಅವನಿಂದ ಸೀರೆ ತರುವುದಷ್ಟೇ ಅಲ್ಲ, ಅವನು ಕಾರು ನೋಡುತ್ತಾನೆ, ಒಪ್ಪಿದರೆ ಬರುವ ಸೋಮವಾರ ಕೀಲಿ ಕೊಟ್ಟುಬಿಡುವುದು, ಗಂಡನಿಗೆ ಹೇಳಿಲ್ಲ, ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಹದಿನೈದು ದಿನ ಕಳೆದಳು. ಮಗಳು ಹರ್ಷಿತಾಳದ್ದೇ ಒತ್ತಾಯ, ಅವ್ವ ಆ ಡಬ್ಬಾ ಕೊಟ್ಟಾಕು, ಹೊಸಾದು ತಗಳ್ಳಾಣ, ಗೇರಿಲ್ಲ ಏನಿಲ್ಲ, ಕಿಟಕಿ ಏರಿಸಿದ್ರೆ ಹೊರಗಿನ ಸದ್ದೇ ಒಳಾಕೆ ಬರಲ್ಲ, ಮಗಳು ಹೇಳುವುದೂ ಸುಳ್ಳಲ್ಲ, ಈ ರಸ್ತೆಯಲ್ಲಿ ಕಾರು ಕೆಟ್ಟು ನಿಂತರೆ ಒಂದು ಕಡೆ ಶೇಂಗಾ ಹೊಲ, ಇನ್ನೊಂದು ಕಡೆ ಜಾಲಿ, ಕಣ್ಣಿಲ್ಲದ ಗಂಡ, ಹಿಂದಿನ ಸೀಟಿನಲ್ಲಿ ಬೇರೆಯವರ ರೇಷ್ಮೆ. ರೀ, ಎಂದಳು, ಸಣ್ಣ ದನಿಯಲ್ಲಿ. ಅವನು ತಿರುಗಲಿಲ್ಲ. ಆಷಾಢದ ಗಾಳಿ, ಅದರಲ್ಲಿ ಕೇಳಿಸಿರಲಿಕ್ಕಿಲ್ಲ, ಕಿಟಕಿ ಏರಿಸಿ ಮತ್ತೆ ರೀ ಎಂದಳು, ಅವನು ತಿರುಗಲಿಲ್ಲ. ಹಿಂದಿನಿಂದ ಒಂದು ಲಾರಿ ಹಾರನ್ ಒತ್ತಿಹಿಡಿದು ಬಂತು, ಅವಳು ಕಾರನ್ನು ಎಡಕ್ಕೆ ಸರಿಸಿದಳು, ಮೊದಲಾದರೆ ಹಾರನ್ನಿನಲ್ಲೇ ಎಷ್ಟು ಗಾಲಿಯ ಲಾರಿ ಎಂದು ಹೇಳುತ್ತಿದ್ದವನು ಅಲ್ಲಾಡದೆ ಕೂತಿದ್ದ, ಲಾರಿ ಪಕ್ಕಕ್ಕೆ ಬಂದು ಅದರ ಗಾಳಿ ಕಾರನ್ನು ತಳ್ಳಿದಾಗಲೇ ಬೆಚ್ಚಿದ. ಆಗ ಒಂದೊಂದೇ ನೆನಪಿಗೆ ಬರತೊಡಗಿದವು, ದೀಪಾವಳಿಯಲ್ಲಿ ಬೀದಿ ತುಂಬ ಸರಪಟಾಕಿ ಸಿಡಿಯುತ್ತಿರುವಾಗ ಜಗಲಿಯಲ್ಲಿ ಕೂತು, ಈ ಸಲ ಪಟಾಕಿ ಕಮ್ಮಿ ಅಲ್ವಾ, ಎಂದಿದ್ದ, ಹುಡುಗರ ಕಾಲ ಮುಗಿದುಹೋಯಿತು ಎನ್ನುವ ಮಾತಿರಬೇಕು ಎಂದುಕೊಂಡಿದ್ದಳು, ದಿಂಬಿನ ಪಕ್ಕ ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ, ಹರ್ಷಿತಾ ಹಿಂದಿನಿಂದ ಎರಡು ಸಲ ಕರೆದು, ಅಪ್ಪನಿಗೆ ನನ್ ಮೇಲೆ ಸಿಟ್ಟು, ಎಂದು ಮುಖ ಊದಿಸಿಕೊಂಡಿದ್ದಳು, ಸಿಟ್ಟಲ್ಲ, ಸಿಟ್ಟಾಗಿದ್ದರೆ ಒಳ್ಳೆಯದಿತ್ತು, ಮೊದಲು ಕಣ್ಣು, ಈಗ ಇದು — ಸ್ಟೇರಿಂಗ್ ಹಿಡಿದ ಅಂಗೈ ಬೆವೆತು ಜಾರುತ್ತಿದೆ, ಸೆರಗಿಗೆ ಒರೆಸಿಕೊಳ್ಳಬೇಕು, ಮೊದಲು ಬಲಗೈ, ಆಮೇಲೆ ಎಡಗೈ.

ತಳಕಿನಾಗೆ ನಿಲ್ಸು, ಎಂದ ಮಹಾಂತೇಶ ಇದ್ದಕ್ಕಿದ್ದ ಹಾಗೆ, ಎಡಗಡೆ ಮುಂದಿನ ಬೇರಿಂಗ್ ಹೋಗೈತೆ. ಅವಳಿಗೆ ನಗು ಬಂತು, ಅಳುವೂ ಬಂತು, ಕೇಳುತ್ತಿದೆ ಹಾಗಾದರೆ, ಎಲ್ಲ ತನ್ನ ಕಲ್ಪನೆ, ಹದಿನೈದು ದಿನದ ಕಳ್ಳ ಮನಸ್ಸು ಏನೇನೋ ಹೆಣೆದುಬಿಟ್ಟಿತು, ಹೂಂ ರೀ ನಂಗೂ ಹಂಗೇ ಅನ್ನಿಸ್ತು, ಎಂದಳು, ಅವನು, ನಿಲ್ಸು ಅಂದೆ, ಕೇಳ್ತಾ, ಎಂದು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ. ತಳಕಿನ ಬಸ್ ಸ್ಟ್ಯಾಂಡ್ ದಾಟಿ ಗಾದ್ರಪ್ಪನ ಪಂಕ್ಚರ್ ಅಂಗಡಿಯ ಮುಂದೆ ಬೇವಿನ ನೆರಳಿಗೆ ನಿಲ್ಲಿಸಿದಳು, ಗಾದ್ರಪ್ಪ ಟ್ಯೂಬು ನೀರಿಗೆ ಅದ್ದಿ ಗುಳ್ಳೆ ನೋಡುತ್ತಿದ್ದವನು ಎದ್ದು ಬಂದ, ಅವಳು ಇಳಿದು ಸುತ್ತಿಬಂದು ಚಕ್ರದ ನಡುವಿಗೆ ಬೆರಳು ಮುಟ್ಟಿಸಿದಳು, ಚುರ್ ಎಂದಿತು, ಬಲಗಡೆಯದು ಬರೀ ಬೆಚ್ಚಗಿತ್ತು. ಜಾಕ್ ಕೊಡಬೇಕು, ಇಳೀರಿ ಎನ್ನಲು ಅವನ ಬಾಗಿಲು ತೆಗೆದಳು, ತೆಗೆದವಳು ಹಾಗೇ ನಿಂತಳು. ಚಪ್ಪಲಿ ಎರಡನ್ನೂ ಸೀಟಿನ ಕೆಳಗೆ ತಳ್ಳಿದ್ದಾನೆ, ಕಾಲಡಿಯ ಮ್ಯಾಟನ್ನು ಸುತ್ತಿ ಪಕ್ಕಕ್ಕೆ ಒತ್ತಿದ್ದಾನೆ, ಅದರ ಕೆಳಗಿನ ಕಾರ್ಪೆಟ್ಟನ್ನೂ ಎಬ್ಬಿಸಿ ಮಡಿಚಿದ್ದಾನೆ, ಬಣ್ಣ ಹೋದ ಬರೀ ತಗಡಿನ ಮೇಲೆ ಎರಡು ಬರಿಗಾಲು, ಬೆರಳು ಅಗಲಿಸಿ, ಹಿಮ್ಮಡಿ ಊರಿ, ಅಲ್ಲಾಡದೆ, ತಗಡಿನ ಅದುರನ್ನು ಹಿಡಿಯಲು.

ಯಾವಾಗಿಂದ, ಎಂದಳು. ಅವನು ಮುಖವೆತ್ತಿದ, ಏನು, ಎಂದ. ಯಾವಾಗಿಂದ ಕೇಳಿಸ್ತಿಲ್ಲ ನಿಮಗೆ, ಎಂದು ಬಗ್ಗಿ ಕಿವಿಯ ಹತ್ತಿರ ಹೇಳಿದಳು, ಅವನು ಬಾಗಿಲು ಹಿಡಿದು ಬರಿಗಾಲಲ್ಲೇ ಕೆಳಗಿಳಿದು, ಬಲಗಿವಿ ದೀಪಾವಳಿಯಿಂದ, ಎಡದ್ದು ಯುಗಾದಿ ಹೊತ್ತಿಗೆ ಅರ್ಧ ಹೋತು, ಎಂದ, ಬೇಳೆ ಮುಗಿದಿದೆ ಎಂದು ಹೇಳುವ ಹಾಗೆ. ನಂಗ್ಯಾಕೆ ಹೇಳಲಿಲ್ಲ. ಹೇಳಿದ್ರೆ ಗಾಡಿ ಕೊಟ್ಟಾಕ್ತಿದ್ದೆ ನೀನು. ಇನ್ನು ಮುಚ್ಚಿಡುವುದು ಸಾಧ್ಯವಿಲ್ಲ, ಎರ್ರಿಸ್ವಾಮಿಗೆ ಕೊಡ್ತೀನಿ ಅಂದಿದೀನಿ ರೀ, ಎಂದಳು ಮೆಲ್ಲಗೆ, ಏನು, ಎಂದ, ಎರ್ರಿಸ್ವಾಮಿಗೆ, ಎಂದಳು, ಏನು ಎರ್ರಿಸ್ವಾಮಿ, ಎಂದ, ಕೊನೆಗೆ ಹದಿನೈದು ದಿನ ಗುಟ್ಟಾಗಿ ಇಟ್ಟುಕೊಂಡಿದ್ದನ್ನು ತಳಕಿನ ರಸ್ತೆ ಬದಿಯಲ್ಲಿ ಗಂಟಲೆತ್ತಿ ಕೂಗಬೇಕಾಯಿತು, ಕಾರು ಎರ್ರಿಸ್ವಾಮಿಗೆ ಕೊಡ್ತೀನಿ ಅಂತ ಮಾತು ಕೊಟ್ಟೀನಿ, ನಿಮಗೆ ಹೇಳಿಲ್ಲ — ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರು ತಿರುಗಿದರು, ಎಲೆಯಡಿಕೆ ಅಂಗಡಿಯ ಹೆಂಗಸು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನೋಡಿದಳು, ಗಾದ್ರಪ್ಪ ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿ ನೋಡುತ್ತಿದ್ದವನು ತಲೆ ತಗ್ಗಿಸಿಕೊಂಡೇ ಉಳಿದ. ಮಹಾಂತೇಶ ಹೂಂ ಎಂದ. ಸಿಟ್ಟಿರಲಿಲ್ಲ ಮುಖದಲ್ಲಿ. ಬರೇ ಒಂಚೂರು ಸಡಿಲ ಆಗೈತೆ ಅಣ್ಣ, ನಲವತ್ತರ ಮೇಲೆ ಹೋಗಬ್ಯಾಡ್ರಿ, ಚಳ್ಳಕೆರೆಗೆ ವಾಪಸ್ ಹೋದ ಮ್ಯಾಲೆ ಹೊಸಾದು ಹಾಕ್ಸಿ, ನನ್ ಹತ್ರ ಬೇರಿಂಗ್ ಒತ್ತೋ ಪ್ರೆಸ್ ಇಲ್ಲ, ಎಂದ ಗಾದ್ರಪ್ಪ, ಜಾಕ್ ಇಳಿಸುತ್ತ, ಮಹಾಂತೇಶನಿಗೆ ಕೇಳಿಸಲಿ ಎಂದು ಅವನೂ ಕೂಗಿಯೇ ಹೇಳಿದ.

ನಲವತ್ತರಲ್ಲಿ ಮೊಳಕಾಲ್ಮೂರು ಬಲು ದೂರ, ಬಿ.ಜಿ. ಕೆರೆ, ಹಾನಗಲ್, ಬಲಕ್ಕೆ ತಿರುಗಿದರೆ ಗುಡ್ಡದ ಬಂಡೆಗಳು, ಊರೊಳಗೆ ಬಂದರೆ ಬೀದಿ ಬೀದಿಯಲ್ಲಿ ಮಗ್ಗದ ಲಟಕ್ ಲಟಕ್, ಅವಳು ಪಕ್ಕಕ್ಕೆ ನೋಡಿದಳು, ಇದೂ ಅವನಿಗಿಲ್ಲ ಈಗ. ಎರ್ರಿಸ್ವಾಮಿ ಕಾಯುತ್ತಿದ್ದ, ರಂಡಿ ಅಕ್ಕ, ಬನ್ನಿ ಬನ್ನಿ, ಎಂದು ತೆಲುಗು ಕನ್ನಡ ಎರಡರಲ್ಲೂ ಕರೆದು, ಕಾರನ್ನು ಒಂದು ಸುತ್ತು ಹಾಕಿ, ಬಾಗಿಲು ತೆಗೆದು ಹಾಕಿ, ಬಂಡಿ ಬಾಗುಂದಿ, ಗಾಡಿ ಚೆನ್ನಾಗೈತೆ, ಏನೂ ತೊಂದ್ರೆ ಇಲ್ಲವಲ್ಲ ಅಣ್ಣ, ಎಂದು ಮಹಾಂತೇಶನ ಕೈ ಹಿಡಿದ. ಪ್ರಶ್ನೆಯನ್ನು ಅವಳು ಕಿವಿಯಲ್ಲಿ ಹೇಳಬೇಕಾಯಿತು. ಐತೆ, ಎಂದ ಅವನು, ಎಡಗಡೆ ಮುಂದಿನ ಬೇರಿಂಗ್ ಹೋಗೈತೆ, ಬಲಗಡೆ ಬಾಗಲ ರಬ್ಬರಿನಾಗೆ ನೀರು ಬರ್ತೈತೆ, ಮೂರನೇ ಗೇರ್ ಮುಂಜಾನೆ ಹೊತ್ತು ಹಟ ಮಾಡ್ತೈತೆ, ಎಂಜಿನ್ ಇನ್ನೂ ಲಕ್ಷ ಓಡ್ತೈತೆ, ತಗಳಪ್ಪ. ತಗಳಪ್ಪ ಅಂದದ್ದು ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ, ಅವನು ಅವಳ ಕಡೆಗೆ ಮುಖ ಮಾಡಿ, ಮೊದ್ಲಾಗಿದ್ರೆ ಮನೆ ಮುಂದೇನೇ ಹೇಳ್ತಿದ್ದೆ ಶಾಂತಾ, ಇವತ್ತು ತಳಕಿನವರೆಗೂ ಗೊತ್ತಾಗಲಿಲ್ಲ, ಇಂಥಾ ಗಂಡನ್ನ ನಂಬಿ ಇಂಥಾ ಗಾಡಿ ಓಡಿಸಬ್ಯಾಡ ನೀನು, ಕೊಟ್ಬಿಡು, ಎಂದ. ಎರ್ರಿಸ್ವಾಮಿ ಕೈ ಚಾಚಿದ್ದ, ಒಂದು ಸುತ್ತು ಓಡಿಸಿ ನೋಡಲು, ಕೀಲಿಗೆ. ಕೀಲಿ ಅವಳ ಮುಷ್ಟಿಯಲ್ಲಿತ್ತು, ಅದರ ಹಲ್ಲು ಅಂಗೈಗೆ ಒತ್ತುತ್ತಿತ್ತು, ಒತ್ತಲಿ, ಅವಳು ಗಂಡನ ಎಡಗಿವಿಗೆ ಬಾಯಿಟ್ಟು ಹೇಳಿದಳು, ನಿಮಗಿಂತ ಮುಂಚೆ ನಂಗೆ ಕೇಳಿತ್ತು, ಹಿರೇಹಳ್ಳಿ ದಾಟುತ್ಲೇ, ಬಲಕ್ಕೆ ತಿರುಗ್ಸಿ ನೋಡ್ದೆ, ಜೋರಾತು. ಅವನು ಕಿವಿ ಇನ್ನೂ ಹತ್ತಿರ ತಂದ. ಎಡಕ್ಕೆ, ಎಂದು ಕೇಳಿದ. ತಗ್ಗಿತು, ಎಂದಳು. ಮತ್ತೆ ಹೇಳಲಿಲ್ಲ ಯಾಕೆ. ನೀವು ಹೇಳ್ತೀರಿ ಅಂತ ಕಾಯ್ತಿದ್ದೆ. ಅವಳು ಮಗ್ಗದವನ ಕಡೆ ತಿರುಗಿದಳು. ಎರ್ರಿಸ್ವಾಮೀ, ತಪ್ಪು ತಿಳೀಬ್ಯಾಡಪ್ಪ, ಮಾತು ಕೊಟ್ಟು ತಪ್ಪಿದೆ ಅನ್ಕೊ, ಕಾರು ಇರ್ಲಿ, ಎಂದಳು, ಅಕ್ಕ ಮೂರು ಲಕ್ಷ ಓಡೈತೆ, ಯಾವತ್ತಾರ ರೋಡಿನಾಗೆ ಕೈ ಕೊಡ್ತೈತೆ, ಎಂದ ಅವನು, ಬೇಸರದಿಂದಲೇ, ಕೊಟ್ಟಾಗ ನೋಡಿದ್ರಾತು, ಸೀರೆ ತಗಂಬಾ, ಎಂದಳು.

ಮೂರೂವರೆ, ಬಿಸಿಲು ಈಗ ಬಲಗಡೆ, ಹಿಂದಿನ ಸೀಟಿನಲ್ಲಿ ಬಿಳಿ ಬಟ್ಟೆಯ ಗಂಟು, ನಲವತ್ತು, ಗೊಂಯ್ ಸಣ್ಣಗೆ ಇದೆ, ಏರಿಲ್ಲ, ಏರಿದರೆ ನಿಲ್ಲಿಸಬೇಕು, ಪಾತಣ್ಣನಿಗೆ ಫೋನು ಮಾಡಿಯಾಗಿದೆ, ಅಣ್ಣ ಏನಂತಾನೆ ಎಂದು ಅವನು ಕೇಳಿದ್ದಕ್ಕೆ ನಾನು ಹೇಳ್ತಿದೀನಿ ಕೇಳು ಎಂದಳು, ನಾಳೆ ಬೆಳಿಗ್ಗೆ ಹಾಕುತ್ತಾನೆ, ಈ ಸದ್ದು ಹೋಗುತ್ತದೆ, ಮೂರು ತಿಂಗಳಿಗೋ ಆರು ತಿಂಗಳಿಗೋ ಇನ್ನೊಂದು ಬರುತ್ತದೆ, ಕೇಳುತ್ತಿರಬೇಕು, ಹರ್ಷಿತಾಗೆ ಹೇಳಿ ಅವನನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಮೆಷಿನ್ ಹಾಕಿದರೆ ಸ್ವಲ್ಪ ಬಂದೀತು, ಬರದೆಯೂ ಇರಬಹುದು, ಎಂಟು ತಿಂಗಳು, ಎಂಟು ತಿಂಗಳಲ್ಲಿ ಈ ರಸ್ತೆಗೆ ಎಷ್ಟು ಸಲ ಬಂದೆವು, ಬಂದಾಗಲೆಲ್ಲ ಅವನು ಹೀಗೇ ಕೂತಿದ್ದನೇ, ಮುಂದೆ ಏನೂ ಕಾಣದೆ, ಸುತ್ತ ಏನೂ ಕೇಳದೆ, ತನ್ನ ಪಕ್ಕದಲ್ಲಿ, ಅವಳು ಒಮ್ಮೆ ಕೆಳಕ್ಕೆ ನೋಡಿದಳು, ಈಗ ಮುಚ್ಚಿಡುವುದೇನಿಲ್ಲ, ಮ್ಯಾಟು ಸರಿಸಿಯೇ ಇದೆ, ಬರಿಗಾಲು, ಬೇಸಿಗೆಯಲ್ಲಿ ಈ ತಗಡು ಹೇಗಿರುತ್ತದೆ, ಕೆಳಗೇ ಸೈಲೆನ್ಸರ್ ಪೈಪು, ಮೇಲೆ ಚಳ್ಳಕೆರೆಯ ಏಪ್ರಿಲ್ ಬಿಸಿಲು, ಕಾದ ರೊಟ್ಟಿ ಹಂಚು — ಏಪ್ರಿಲ್ ಅಂದರೆ, ಏಪ್ರಿಲ್‌ನಲ್ಲಿ ಅವನ ಅಂಗಾಲಿಗೆ ಬೊಬ್ಬೆ ಬಂದಿತ್ತಲ್ಲ, ಎರಡಕ್ಕೂ, ತಾರಸಿ ಮೇಲೆ ಚಪ್ಪಲಿ ಇಲ್ಲದೆ ಓಡಾಡಿದೆ ಎಂದಿದ್ದ, ಅಷ್ಟೂ ಬುದ್ಧಿ ಇಲ್ವಾ ಎಂದು ಬೈದು ಅವಳೇ ಕೊಬ್ಬರಿ ಎಣ್ಣೆ ಹಚ್ಚಿದ್ದಳು, ಹಚ್ಚಿದ ಮಾರನೇ ದಿನವೇ ಹೊರಟಿದ್ದರು, ಇದೇ ರಸ್ತೆ, ಇದೇ ಸೀಟು, ತಾರಸಿಯಲ್ಲ, ತಾರಸಿಯಾಗಿರಲಿಲ್ಲ ಅದು, ತಗಡು, ಎಣ್ಣೆ ಹಚ್ಚಿದ ಎರಡು ಅಂಗಾಲು, ಕಾದ ತಗಡಿನ ಮೇಲೆ, ಬೆರಳು ಅಗಲಿಸಿ, ಊರಿಕೊಂಡು, ತೆಗೆಯದೆ