ಉಗ್ರಾಣದ ಮೈನಾ

"ಉಗ್ರಾಣಕ್ಕೆ ಯಾರಾದ್ರೂ ಗಾಜಿನ ಹಂಚು ಹಾಕುದುಂಟಾ ಅಮ್ಮಾ? ಅಡಿಗೆಕೋಣೆಗೆ ಹಾಕುವ, ನಿಮಗಾದರೂ ಬೆಳಕಾಗ್ತದೆ," ಎಂದು ಪೋಕರ್ ಮಾಡಿನ ಮೇಲಿಂದ ಕೂಗಿದ. ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಿಸಲು ವರ್ಷವೂ ಬರುವವನು ಅವನು.

"ನನಗೆ ಬೇಡ. ಮೈನಾದ ಪಂಜರದ ಮೇಲೇ ಬೆಳಕು ಬೀಳ್ಬೇಕು. ನಮ್ಮವರು ಕಾಣಿಯೂರಿಂದ ಬರುವ ಮೊದಲು ಮುಗಿಸು ಮಾರಾಯ," ಎಂದಳು ವಸುಮತಿ.

ಮೈನಾ ಮಗಳು ವಾಸಂತಿಯದು. ಹನ್ನೊಂದರ ಹುಡುಗಿ ಜಗಲಿಯಲ್ಲಿ ಕೂತು ಅದಕ್ಕೆ ಮಾತು ಕಲಿಸಿದ್ದಳು. ಕಾರ್ತಿಕದಲ್ಲಿ ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟಳು. ಆಮೇಲೂ ಶಾಲೆ ಬಿಡುವ ಹೊತ್ತಿಗೆ ಜಗಲಿಯಿಂದ ಅವಳದೇ ದನಿ: "ಅಮ್ಮಾ, ಹಸಿವಾಗ್ತದೆ!" ವಸುಮತಿ ಬಡಿಸಲು ಎದ್ದೇಬಿಡುತ್ತಿದ್ದಳು. ಇಡೀ ದಿನದಲ್ಲಿ ಆ ಒಂದು ಗಳಿಗೆಗೇ ಅವಳು ಕಾದಿರುತ್ತಿದ್ದಳು.

ಸೂತಕ ಕಳೆದ ಮರುದಿನ ಗಂಡ ಪರಮೇಶ್ವರ ಪಂಜರವನ್ನು ಕಿಟಕಿಯಿಲ್ಲದ ಉಗ್ರಾಣದಲ್ಲಿ ತೂಗುಹಾಕಿದ. "ಕತ್ತಲಲ್ಲಿಟ್ಟರೆ ಮಾತು ಮರೀತದೆ. ಮರೆಯಲಿ," ಅಂದನೇ ಹೊರತು ಒಂದು ಹನಿ ಕಣ್ಣೀರು ಹಾಕಲಿಲ್ಲ. ಹುಡುಗಿಗೆ ಜ್ವರ ಏರಿದಾಗ "ಪುತ್ತೂರಿನ ಆಸ್ಪತ್ರೆಗೆ ನಾಳೆ ಹೋಗುವ" ಎಂದವನೂ ಅವನೇ. ಕಲ್ಲು ಮನುಷ್ಯ ಎಂದು ತೀರ್ಮಾನಿಸಿದ ವಸುಮತಿ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಸಂಜೆ ಹಕ್ಕಿಗೆ ಹಣ್ಣು ಕೊಡುವ ಕೆಲಸ ಮಾತ್ರ ಅವನು ಯಾರಿಗೂ ಬಿಡಲಿಲ್ಲ. ಒಳಗೆ ಹೋದವನು ಬಾಗಿಲು ಹಾಕಿಕೊಳ್ಳುತ್ತಿದ್ದ.

ಆರು ತಿಂಗಳಲ್ಲಿ ಹಕ್ಕಿಯ ಗರಿ ಉದುರಿತು, ಕಾಲು ನಡುಗತೊಡಗಿತು. ಅಕ್ಕಿಗೆಂದು ಹೋದಾಗ ವಸುಮತಿ ಎಷ್ಟು ಮಾತಾಡಿಸಿದರೂ ಅದು ತುಟಿಪಿಟಕ್ಕೆನ್ನಲಿಲ್ಲ. ಅದೂ ಸತ್ತರೆ ಮಗಳ ದನಿ ಇನ್ನೆಲ್ಲಿ ಕೇಳುವುದು? ಆ ಹೆದರಿಕೆಗೇ ಅವಳು ಗಂಡನಿಗೆ ಹೇಳದೆ ಪೋಕರನನ್ನು ಮಾಡು ಹತ್ತಿಸಿದ್ದು.

ಗಾಜಿನ ಹಂಚು ಕೂತಿತು. ಬಿಸಿಲಿನ ಕೋಲೊಂದು ನೇರ ಪಂಜರಕ್ಕಿಳಿಯಿತು. ಹಕ್ಕಿ ಮೈ ಕೊಡವಿತು, ಒಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿಯಿತು.

"ಹೇಳು, ಅಮ್ಮಾ ಹಸಿವಾಗ್ತದೆ, ಹೇಳು ನನ್ನಪ್ಪಾ," ಎಂದು ವಸುಮತಿ ಗೋಗರೆದಳು.

ಅದು ಕತ್ತು ಓರೆ ಮಾಡಿತು. ಬಾಯಿ ಬಿಟ್ಟಾಗ ಬಂದದ್ದು ಪರಮೇಶ್ವರನ ಒಡಕು ದನಿ: "ನಾಳೆ ಅಂತ ಹೇಳ್ಬಾರ್ದಿತ್ತು ಮಗಾ." ಬೆನ್ನಿಗೇ ಗಂಡಸೊಬ್ಬ ಬಿಕ್ಕಿದ ಸದ್ದು, ಮೂಗೆಳೆದ ಸದ್ದು. ಮತ್ತೆ ಅದೇ ಮಾತು. ಮಧ್ಯಾಹ್ನದವರೆಗೆ ಅವಳು ಮಗಳ ಮಾತನ್ನು ಹೇಳಿಕೊಡುತ್ತಲೇ ಇದ್ದಳು. ಅದಕ್ಕೆ ಬೇರೊಂದು ಮಾತು ಬರಲಿಲ್ಲ.

ಸಂಜೆ ಕಾಣಿಯೂರಿಂದ ಬಂದ ಪರಮೇಶ್ವರ ಹಕ್ಕಿಗೆಂದು ತಂದ ಬಾಳೆಹಣ್ಣು ಹಿಡಿದು ಉಗ್ರಾಣದ ಹೊಸ್ತಿಲಿಗೆ ಬಂದ. ಬೆಳಕು ಕಂಡು ನಿಂತ. ಹಕ್ಕಿ ಅವನ ಕಡೆ ತಿರುಗಿ ಅವನದೇ ಮಾತು ಹೇಳಿತು, ಅವನ ಹಾಗೆಯೇ ಬಿಕ್ಕಿತು.

"ಅವಳ ಮಾತು?" ಎಂದ.

"ಮರ್ತಿದೆ," ಎಂದಳು ವಸುಮತಿ.

ಅವನು ಹಣ್ಣು ಸುಲಿದ. ಆರು ತಿಂಗಳು ಕತ್ತಲಲ್ಲೇ ತೆರೆಯುತ್ತಿದ್ದ ಪಂಜರದ ಬಾಗಿಲು ಈಗ ತುಂಬಿದ ಕಣ್ಣಿಗೆ ಕಾಣದೆ ಅವನ ಕೈಗೆ ಸಿಗಲಿಲ್ಲ. ವಸುಮತಿ ಅವನ ಕೈ ಹಿಡಿದು ಬಾಗಿಲಿನವರೆಗೆ ತಂದಳು.